ಸೂರಿಲ್ಲದವರು: ಭಾರತದಲ್ಲಿ ವಸತಿಹೀನತೆಯ ಇತಿಹಾಸ

ಸ್ವಂತದ್ದಾಗಲಿ ಬಾಡಿಗೆಯದಾಗಲಿ ಮನೆಯೊಂದಿಲ್ಲದೆ ಫುಟ್‌ಪಾತ್, ರೈಲ್ವೆ ಪ್ಲಾಟ್‌ಫಾರ್ಮ್, ಮೇಲ್ಸೇತುವೆಯ ಅಡಿ, ಗುಡಿ-ದರ್ಗಾಗಳ ಅಂಗಳಗಳಲ್ಲಿ ರಾತ್ರಿ ಕಳೆಯಬೇಕಾದ ಸ್ಥಿತಿಯನ್ನು ವಸತಿಹೀನತೆ ಎನ್ನುತ್ತಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಇಂಥವರ ಸಂಖ್ಯೆ 17.73 ಲಕ್ಷ, ಇವರಲ್ಲಿ 9.38 ಲಕ್ಷ ಮಂದಿ ನಗರವಾಸಿಗಳು. ಚರಂಡಿಗೆಂದು ತಂದಿಟ್ಟ ಹ್ಯೂಮ್ ಪೈಪುಗಳೊಳಗೆ ಮಲಗುವವರೂ ಈ ಲೆಕ್ಕದಲ್ಲಿದ್ದಾರೆ. ಆದರೆ ಈ ಎಣಿಕೆ ನಡೆದದ್ದು ಫೆಬ್ರವರಿ 28ರ ಒಂದೇ ರಾತ್ರಿ. ಪೊಲೀಸರು ಎಬ್ಬಿಸಿದರೆಂದು ಜಾಗ ಬದಲಿಸಿದವರು, ಮಾರುಕಟ್ಟೆಯಲ್ಲಿ ರಾತ್ರಿಯಿಡೀ ಮೂಟೆ ಹೊರುವವರು ಲೆಕ್ಕ ತಪ್ಪುವುದು ಸುಲಭ. ಹಾಗಾಗಿ ಇದಕ್ಕಿಂತ ಕಡಿಮೆಯಂತೂ ಇರಲಾರದು ಎಂದೇ ಈ ಅಂಕಿಯನ್ನು ಓದಬೇಕು.

ಹಳೆಯ ಕಾಲದ ಛತ್ರ, ಧರ್ಮಶಾಲೆ, ಅರವಟ್ಟಿಗೆಗಳನ್ನು ಇಂದಿನ ರಾತ್ರಿ ತಂಗುದಾಣಗಳ ಪೂರ್ವಜರೆಂದು ಹೇಳುವ ವಾಡಿಕೆಯಿದೆ. ಇದು ಅರ್ಧ ಸತ್ಯ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದಂಥ ಛತ್ರಗಳು ಮುಖ್ಯವಾಗಿ ಯಾತ್ರಿಕರಿಗೆ, ಪರಸ್ಥಳದವರಿಗೆ ನೆರಳಾದವು. ಎಂದರೆ, ಬೇರೆಲ್ಲೋ ಮನೆಯಿದ್ದು ಎರಡು ದಿನದ ಮಟ್ಟಿಗೆ ದೂರವಾದವರಿಗೆ. ಮರಳಿ ಹೋಗಲು ಮನೆಯೇ ಇಲ್ಲದವರಿಗೆ ಆಸರೆಯಾದದ್ದು ಮಠಗಳ ದಾಸೋಹ, ಗುಡಿಯ ಜಗಲಿ ಮತ್ತು ಊರವರ ದಯೆ.

ಬ್ರಿಟಿಷ್ ಆಡಳಿತ ಬಂದ ಮೇಲೆ ನೆಲೆಯಿಲ್ಲದಿರುವುದೇ ಅಪರಾಧದ ಗುರುತಾಯಿತು. ಈ ಬಗೆಯ ಮೊದಮೊದಲ ಕಾನೂನುಗಳಲ್ಲೊಂದು ಬಂದದ್ದು ಬಿಳಿಯರ ಮೇಲೆ. ಕೆಲಸ ಕಳೆದುಕೊಂಡ ಯುರೋಪಿಯನ್ ನಾವಿಕರು, ರೈಲ್ವೆ ನೌಕರರು, ಸೈನ್ಯದಿಂದ ಹೊರಬಿದ್ದವರು ಬೀದಿಯಲ್ಲಿ ಅಲೆದರೆ ಆಳುವವರ ಘನತೆಗೆ ಕುಂದು ಎಂದು 1869 ಮತ್ತು 1874ರ ಯುರೋಪಿಯನ್ ಅಲೆಮಾರಿ ಕಾಯ್ದೆಗಳು ಅವರನ್ನು ಹಿಡಿದು ದುಡಿಮೆಯ ಮನೆಗಳಿಗೆ ಕಳಿಸಿದವು. ಭಾರತೀಯ ಅಲೆಮಾರಿಗಳ ಪಾಲಿಗೆ ಬಂದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇದಕ್ಕಿಂತ ಬಹಳ ಕ್ರೂರವಾಗಿತ್ತು. ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹೊತ್ತ ಸಮುದಾಯಗಳನ್ನು ಕಾವಲಿನ ವಸಾಹತುಗಳಲ್ಲಿ ಕೂಡಿಹಾಕಲಾಯಿತು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಅಂಥದ್ದೊಂದು. ಈ ಕಾಯ್ದೆ ರದ್ದಾದದ್ದು 1952ರಲ್ಲಿ.

ಸ್ವಾತಂತ್ರ್ಯ ಬಂದರೂ ನೋಟ ತಟ್ಟನೆ ಬದಲಾಗಲಿಲ್ಲ. ಜೀವನೋಪಾಯ ಕಣ್ಣಿಗೆ ಕಾಣದೆ ಸಾರ್ವಜನಿಕ ಜಾಗದಲ್ಲಿ ಸುಳಿದಾಡುವವರೂ ಭಿಕ್ಷುಕರೇ ಎಂದು 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ ಸಾರಿತು. ಕೈಚಾಚದೆ ಬರಿದೆ ಮಲಗಿದ್ದವರನ್ನೂ ಹೊತ್ತೊಯ್ಯಲು ಇಷ್ಟು ಸಾಕಾಗಿತ್ತು. ದೆಹಲಿಗೆ ವಿಸ್ತರಿಸಿದ್ದ ಇದರ ಮುಖ್ಯ ಕಲಮುಗಳನ್ನು ಅಲ್ಲಿನ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ತಳ್ಳಿಹಾಕಿತು. ಕರ್ನಾಟಕದ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು. ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಭಿಕ್ಷುಕರ ಉಪಕರ ವಸೂಲಾಗುತ್ತದೆ. ಹೀಗೆ ಹಣದ ಮೂಲ ಗಟ್ಟಿಯಾಗಿದ್ದರೂ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಒಬ್ಬರ ಹಿಂದೊಬ್ಬರಂತೆ ಅನೇಕರು ಸತ್ತರು. ಆಸರೆಯ ಹೆಸರಿನ ಬಂಧನ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ನೋವಿನ ಉದಾಹರಣೆ ಬೇಕಿಲ್ಲ.

ಈ ಇತಿಹಾಸದ ತಿರುವು ಮುಂಬಯಿಯಲ್ಲಿದೆ. 1981ರ ಜುಲೈನಲ್ಲಿ, ಸುರಿಯುವ ಮಳೆಯಲ್ಲೇ, ಫುಟ್‌ಪಾತ್ ವಾಸಿಗಳನ್ನು ಅವರವರ ಊರಿಗೆ ಸಾಗಹಾಕುವುದಾಗಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಲೆ ಘೋಷಿಸಿದರು. ಕೋರ್ಟಿಗೆ ಹೋದ ಅರ್ಜಿದಾರರಲ್ಲೊಬ್ಬ ತಮಿಳುನಾಡಿನ ಸೇಲಂ ಕಡೆಯ ಭೂರಹಿತ ಕೂಲಿಕಾರ. ಬರಗಾಲದಲ್ಲಿ ಕೆಲಸ ಕಳೆದುಕೊಂಡು 1961ರಲ್ಲಿ ಮುಂಬಯಿಗೆ ಬಂದವನು, ದಹಿಸರಿನ ರಾಸಾಯನಿಕ ಕಂಪನಿಯೊಂದರಲ್ಲಿ ದಿನಕ್ಕೆ 23 ರೂಪಾಯಿ ದುಡಿಯುತ್ತಿದ್ದ. ಹೆದ್ದಾರಿಯ ಪಕ್ಕದ ಪ್ಲಾಸ್ಟಿಕ್ ಹಾಳೆಯ ಗೂಡಿಗಾಗಿ ಸ್ಥಳೀಯ ದಾದಾನೊಬ್ಬ ಅವನಿಂದ 2,500 ರೂಪಾಯಿ ಕಿತ್ತಿದ್ದ. ಪಾಲಿಕೆಯವರು ಆ ಗೂಡು ಕೆಡವಿ, ಹೆಂಡತಿ-ಮಕ್ಕಳ ಸಮೇತ ಅವನನ್ನು ಸೇಲಂ ಬಸ್ಸಿಗೆ ಹತ್ತಿಸಿದರು. ಸಂಸಾರವನ್ನು ಅಲ್ಲೇ ಬಿಟ್ಟು ಅವನೊಬ್ಬನೇ ಮುಂಬಯಿಗೆ ಮರಳಿದ. ಮತ್ತೆ ಫುಟ್‌ಪಾತಿನಲ್ಲೇ ಗೂಡು ಹಿಡಿದ. ಸರ್ಕಾರಕ್ಕೆ ಊರಾಗಿ ಕಂಡದ್ದು ಅವನಿಗೆ ಹಸಿವಿನ ಜಾಗ; ಒತ್ತುವರಿಯಾಗಿ ಕಂಡದ್ದು ಅನ್ನದ ದಾರಿ.

ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಹೆಸರಿನಲ್ಲಿ ಪ್ರಸಿದ್ಧವಾದ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ 1985ರ ಜುಲೈ 10ರಂದು ತೀರ್ಪಿತ್ತಿತು. ಸಂವಿಧಾನದ 21ನೇ ವಿಧಿ ಕಾಯುವ ಜೀವದ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂಬ ಮಾತನ್ನು ಇಂದಿಗೂ ಎಲ್ಲರೂ ಸ್ಮರಿಸುತ್ತಾರೆ. ಮಳೆಗಾಲ ಕಳೆದು ಅಕ್ಟೋಬರ್ 31 ದಾಟಿದ ಮೇಲೆ ಗೂಡುಗಳನ್ನು ತೆಗೆಯಬಹುದೆಂದು ಅದೇ ತೀರ್ಪು ಹೇಳಿತ್ತೆಂಬುದನ್ನೂ ಮರೆಯಬಾರದು.

ಅದೇ ವರ್ಷ ಸ್ಪಾರ್ಕ್ ಸಂಸ್ಥೆ ಮುಂಬಯಿಯ ಫುಟ್‌ಪಾತ್ ವಾಸಿಗಳ ಗಣತಿ ನಡೆಸಿತು. ಮರುವರ್ಷ ಬೈಕಳಾದ ಫುಟ್‌ಪಾತಿನ ಹೆಂಗಸರು ಮಹಿಳಾ ಮಿಲನ್ ಎಂಬ ಸಂಘ ಕಟ್ಟಿಕೊಂಡು ಪುಡಿಗಾಸು ಕೂಡಿಡತೊಡಗಿದರು. ತಮಗೆ ಎಂಥ ಮನೆ ಬೇಕೆಂದು ಅವರೇ ಮಾದರಿ ಮಾಡಿ ತೋರಿಸಿದರು: ಚಿಕ್ಕದಾದರೂ ಸರಿ, 14 ಅಡಿ ಎತ್ತರವಿರಬೇಕು, ನಡುವೆ ಅಟ್ಟವಿರಬೇಕು. ಕಾಯ್ದೆಗಳಲ್ಲಿ ಎಲ್ಲೂ ಸಿಗದ ಮನೆಯ ಕಲ್ಪನೆ ಇದು.

ದೆಹಲಿಯ ಪೂಸಾ ರಸ್ತೆಯಲ್ಲಿದ್ದ ತಾತ್ಕಾಲಿಕ ತಂಗುದಾಣವನ್ನು 2009ರ ಡಿಸೆಂಬರ್ ಚಳಿಯಲ್ಲಿ ಪಾಲಿಕೆ ಕೆಡವಿದ ಬಳಿಕ ವಿಷಯ ಮತ್ತೆ ಕೋರ್ಟಿಗೆ ಬಂತು. ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ದಿನದ 24 ಗಂಟೆಯೂ ತೆರೆದಿರುವ ಆಶ್ರಯ ಕೇಂದ್ರಗಳಿರಬೇಕೆಂದು ಸುಪ್ರೀಂ ಕೋರ್ಟ್ ನಿರ್ದೇಶಿಸಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಇದನ್ನೊಂದು ಯೋಜನೆಯಾಗಿಸಿತು.

ವಿಳಾಸವಿಲ್ಲದವರಿಗೆ ರೇಷನ್ ಕಾರ್ಡಿನಿಂದ ಬ್ಯಾಂಕ್ ಖಾತೆವರೆಗೆ ಎಲ್ಲವೂ ಕಷ್ಟ. ಇಲ್ಲಿ ಚುನಾವಣಾ ಆಯೋಗದ ನಿಯಮವೊಂದು ಮೆಚ್ಚುವಂತಿದೆ. ಮತದಾರರ ಪಟ್ಟಿಗೆ ಸೇರಲು ತುಂಬುವ ನಮೂನೆ 6ರಲ್ಲಿ ಬರೆದ ಜಾಗಕ್ಕೆ ಮತಗಟ್ಟೆ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಹೋಗಿ, ಅರ್ಜಿದಾರ ಅಲ್ಲೇ ಮಲಗುವುದನ್ನು ಖಚಿತಪಡಿಸಿಕೊಂಡರೆ ಬೇರೆ ದಾಖಲೆ ಬೇಕಿಲ್ಲ. ಆ ಜಾಗವೇ ವಿಳಾಸ.

ಗೋಡೆ-ಮಾಡುಗಳಿದ್ದೂ ದಾಖಲೆಯಲ್ಲಿ ಇಲ್ಲದ ಮನೆಗಳು ಈ ಸಮಸ್ಯೆಯ ಇನ್ನೊಂದು ಮುಖ. ಕರ್ನಾಟಕದ ಲಂಬಾಣಿ ತಾಂಡಾ, ಗೊಲ್ಲರಹಟ್ಟಿಗಳಲ್ಲಿ ತಲೆಮಾರುಗಳಿಂದ ಬಾಳಿದವರು ಕಾಗದದ ಮೇಲೆ ಬೇರೆಯವರ ಜಮೀನಿನಲ್ಲೋ ಸರ್ಕಾರಿ ನೆಲದಲ್ಲೋ ಇದ್ದರು. ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾಗಿದ್ದಾಗ, ವಾಸಿಸುವವನೇ ಮನೆಯೊಡೆಯ ಎಂಬ ತತ್ತ್ವದ ಮೇಲೆ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತರಲಾಯಿತು. ಇಂಥ ನೆಲೆಗಳನ್ನು ಕಂದಾಯ ಗ್ರಾಮಗಳನ್ನಾಗಿ ಘೋಷಿಸಿ ಹಕ್ಕುಪತ್ರ ಕೊಡುವ ಕೆಲಸ ಹಂತಹಂತವಾಗಿ ನಡೆಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದ ಸಮಾರಂಭದಲ್ಲಿ ಸುಮಾರು 50 ಸಾವಿರ ಕುಟುಂಬಗಳಿಗೆ ಅವರು ಆಗಲೇ ವಾಸವಿದ್ದ ಮನೆಗಳ ಹಕ್ಕುಪತ್ರ ನೀಡಲಾಯಿತು.