ಕ್ಲೈಂಟನ್ನು ಎಷ್ಟು ನಂಬಬೇಕು? ಲಿನಕ್ಸ್‌ನ ಶೂಟರ್ ಆಟಗಳು ಮತ್ತು ರೇಮಂಡ್ ವಾದದ ಮರುಪರಿಶೀಲನೆ

ಹಲವರು ಕೂಡಿ ಆಡುವ ಶೂಟರ್ ಆಟಗಳು ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತವೆಯೇ ಎಂಬ ಪ್ರಶ್ನೆಗೆ, ವೇಗದ ಮಟ್ಟಿಗೆ, ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಕ್ವೇಕ್ 3 ಅರೆನಾದ ಲಿನಕ್ಸ್ ಆವೃತ್ತಿ 1999ರಲ್ಲೇ ಬಂದಿತ್ತು. 2005ರಲ್ಲಿ ಅದರ ಸೋರ್ಸ್ ಕೋಡ್ ಜಿಪಿಎಲ್ ಅಡಿ ಮುಕ್ತವಾದ ಮೇಲೆ ಐಓಕ್ವೇಕ್3, ಓಪನ್‌ಅರೆನಾ ಬೆಳೆದವು. ಮೊದಲ ಕ್ವೇಕ್‌ನ ವಂಶದಲ್ಲಿ ನೆಕ್ಸುಯಿಜ್ ಹುಟ್ಟಿತು, 2010ರಲ್ಲಿ ಅದರಿಂದ ಝೋನೋಟಿಕ್ ಕವಲೊಡೆಯಿತು. 2018ರ ಪ್ರೋಟಾನ್ ಎಂಬ ಹೊಂದಾಣಿಕೆ ತಂತ್ರಾಂಶ ವಿಂಡೋಸ್ ಆಟಗಳಿಗೂ ದಾರಿ ಮಾಡಿತು. ಇಷ್ಟರಲ್ಲಿ ತಕರಾರಿಲ್ಲ. ತಕರಾರು ಇರುವುದು ಮೋಸದಾಟದ ವಿಚಾರದಲ್ಲಿ.

1999ರ ಡಿಸೆಂಬರ್‌ನಲ್ಲಿ ಐಡಿ ಸಾಫ್ಟ್‌ವೇರ್ ಮೊದಲ ಕ್ವೇಕ್‌ನ ಕೋಡನ್ನು ಮುಕ್ತಗೊಳಿಸಿದ ಬೆನ್ನಲ್ಲೇ ತಿದ್ದಿದ ಕ್ಲೈಂಟ್‌ಗಳು, ಅಂದರೆ ಆಟಗಾರರ ಯಂತ್ರದಲ್ಲಿ ಓಡುವ ಪ್ರತಿಗಳು, ಸರ್ವರ್‌ಗಳಿಗೆ ನುಗ್ಗಿದವು. ಆಗ ಮುಕ್ತ ಸೋರ್ಸ್‌ನ ಪ್ರತಿಪಾದಕ ಎರಿಕ್ ರೇಮಂಡ್ ಬರೆದ ಲೇಖನದ ತಿರುಳು ಇದು: ತಪ್ಪು ಮುಕ್ತತೆಯದಲ್ಲ, ವಿನ್ಯಾಸದ್ದು. ವೇಗದ ಆಸೆಗೆ ಬಿದ್ದು ಕ್ಲೈಂಟನ್ನು ನಂಬಿದ್ದೇ ಮೂಲದೋಷ. ಗುಟ್ಟಿನ ಕೋಡ್ ಆ ದೋಷವನ್ನು ಮುಚ್ಚಿತ್ತೇ ಹೊರತು ವಾಸಿ ಮಾಡಿರಲಿಲ್ಲ.

ಈ ನಿರ್ಣಯವನ್ನು ನಾನು ಒಪ್ಪುತ್ತೇನೆ, ಆದರೆ ಅರ್ಧದಷ್ಟೇ. ಬಿಡುಗಡೆಯಾದ ಕೋಡೇ ಇಲ್ಲಿ ಸಾಕ್ಷಿ. ಅದರಲ್ಲಿ ಎಸ್‌ವಿ_ಫ್ಯಾಟ್‌ಪಿವಿಎಸ್ ಎಂಬ ಫಂಕ್ಷನ್ ಇದೆ. ಆಟಗಾರನ ಕಣ್ಣಿನ ಸುತ್ತ 8 ಪಿಕ್ಸೆಲ್ ಅಂತರದೊಳಗಿನ ನಕ್ಷೆಯ ತುಣುಕುಗಳನ್ನೆಲ್ಲ ಕೂಡಿಸಿ, ಅಲ್ಲಿಂದ ಕಾಣಬಹುದಾದ ಪ್ರದೇಶವನ್ನು ಲೆಕ್ಕಹಾಕುತ್ತದೆ ಎಂದು ಅದರ ಷರಾ ಹೇಳುತ್ತದೆ. ಆ ಪ್ರದೇಶದ ಹೊರಗಿರುವವರ ಸುದ್ದಿಯನ್ನು ಸರ್ವರ್ ಕಳಿಸುವುದಿಲ್ಲ. ಅಂದರೆ ಸೋಸುವಿಕೆ ಮೊದಲೇ ಇತ್ತು. ಆದರೆ ಜರಡಿಯ ಕಣ್ಣು ದೊಡ್ಡದು: ನಕ್ಷೆ ಕಟ್ಟುವಾಗಲೇ ಗೊತ್ತುಮಾಡಿದ ಈ ಲೆಕ್ಕದಲ್ಲಿ ಕಂಬದ ಮರೆಯಲ್ಲಿ ನಿಂತ ಎದುರಾಳಿಯೂ ಕಾಣುವವನೇ. ನೋಟವನ್ನು ಇನ್ನೂ ಬಿಗಿಗೊಳಿಸಿದರೆ ನೆಟ್‌ವರ್ಕ್ ತಡವಾದಾಗ ತಿರುವಿನಲ್ಲಿ ಎದುರಾಳಿ ದಿಢೀರನೆ ಪ್ರತ್ಯಕ್ಷನಾಗುತ್ತಾನೆ. ಆದ್ದರಿಂದ ಇದನ್ನು ಅಜಾಗರೂಕತೆ ಎನ್ನಲಾಗದು, ತಿಳಿದೇ ಮಾಡಿದ ರಾಜಿ ಎನ್ನಬೇಕು.

ಎರಡನೆಯ ತೊಡಕು ಹೆಚ್ಚು ಗಂಭೀರ. ಗೋಡೆಯಾಚೆ ನೋಡುವ ವಾಲ್‌ಹ್ಯಾಕ್‌ಗೆ ಮಾಹಿತಿ ತಡೆಹಿಡಿಯುವುದು ಮದ್ದು, ನಿಜ. ತಾನೇ ಗುರಿಹಿಡಿಯುವ ಏಮ್‌ಬಾಟ್‌ಗೆ ಆ ಮದ್ದು ನಾಟದು, ಏಕೆಂದರೆ ಅದು ಬಳಸುವುದು ಆಟಗಾರನಿಗೆ ನ್ಯಾಯವಾಗಿ ಸಲ್ಲುವ ಮಾಹಿತಿಯನ್ನೇ. 2020ರ ವ್ಯಾಲರಂಟ್ ಇದಕ್ಕೆ ಒಳ್ಳೆಯ ನಿದರ್ಶನ. ಮರೆಯಲ್ಲಿರುವವರ ಸ್ಥಾನವನ್ನು ಅದರ ಸರ್ವರ್ ಆದಷ್ಟು ತಡೆಹಿಡಿಯುತ್ತದೆ, ರೇಮಂಡ್ ಬಯಸಿದ್ದೂ ಬಹುಮಟ್ಟಿಗೆ ಇದನ್ನೇ. ಆದರೂ ವಿಂಡೋಸ್ ಕರ್ನಲ್‌ನೊಳಗೆ ಕೂರುವ ವ್ಯಾನ್‌ಗಾರ್ಡ್ ಕಾವಲುಗಾರನನ್ನು ಅದು ಬಿಟ್ಟಿಲ್ಲ. ಬಳಕೆದಾರನೇ ಕರ್ನಲ್ ತಿದ್ದಿ ಕಟ್ಟಿಕೊಳ್ಳಬಲ್ಲ ಲಿನಕ್ಸ್‌ನಲ್ಲಿ ಅಂಥ ಕಾವಲಿಗೆ ನೆಲೆಯೇ ಇಲ್ಲ. ಹೀಗಾಗಿ ನನ್ನ ಊಹೆ ಇಷ್ಟು: ಲಿನಕ್ಸ್‌ಗೆ ಇಂದು ಕೆಲವು ಶೂಟರ್‌ಗಳ ಬಾಗಿಲು ಮುಚ್ಚಿರುವುದು, ಬಹುಶಃ, ರೇಮಂಡ್ ಹಗುರಾಗಿ ತೂಗಿದ ಈ ಶೇಷದಿಂದ. ವ್ಯಾಪಾರದ ಲೆಕ್ಕಾಚಾರವನ್ನು ನಾನಿಲ್ಲಿ ಬದಿಗಿಟ್ಟಿದ್ದೇನೆ, ಅದರ ಪಾಲೂ ಕಡಿಮೆಯಿರಲಾರದು. ಎದುರು ಸಾಕ್ಷ್ಯವೂ ಇದೆ. 2023ರ ಕೌಂಟರ್-ಸ್ಟ್ರೈಕ್ 2 ಕರ್ನಲ್ ಕಾವಲಿಲ್ಲದೆ ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತದೆ, ಆದರೆ ಅದರ ಸ್ಪರ್ಧಾಳು ಆಟಗಾರರು ನೆಚ್ಚುವ ಫೇಸಿಟ್ ಎಂಬ ಪಂದ್ಯವೇದಿಕೆ ವಿಂಡೋಸ್‌ನ ಕಾವಲನ್ನೇ ಕೇಳುತ್ತದೆ. ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ 31ರಂದು ಲಿನಕ್ಸ್ ಆಟಗಾರರನ್ನು ಹೊರಗಿಟ್ಟಾಗ, ಆ ವ್ಯವಸ್ಥೆಯ ಮುಕ್ತತೆಯೇ ಮೋಸಗಾರರನ್ನು ಸೆಳೆಯುತ್ತದೆ ಎಂಬ ಕಾರಣ ಕೊಟ್ಟಿತು. ರೇಮಂಡ್ ಅಲ್ಲಗಳೆದದ್ದು ಇದೇ ಮಾತನ್ನು.

ಇಷ್ಟಾದರೂ ಕೋಡೆಲ್ಲ ಬಯಲಲ್ಲಿರುವ ಝೋನೋಟಿಕ್ ಬದುಕಿದೆ. ಸರ್ವರ್ ನಡೆಸುವವರ ಕಣ್ಗಾವಲಿನಿಂದಲೋ, ಆಡುವವರು ಕಡಿಮೆಯಾದ್ದರಿಂದ ಮೋಸ ಮಾಡಿ ಗಳಿಸುವುದೇನೂ ಇಲ್ಲದ್ದರಿಂದಲೋ, ಈ ಲೇಖನದ ಆಧಾರಗಳಿಂದ ಬೇರ್ಪಡಿಸಿ ಹೇಳಲಾಗದು. ಇಂಥ ಸರ್ವರ್ ನಡೆಸುತ್ತಿರುವವರು ತಮ್ಮ ನಿಷೇಧಪಟ್ಟಿಗಳನ್ನು, ಹೆಸರು ಅಳಿಸಿಯಾದರೂ ಸರಿ, ಸಂಶೋಧಕರಿಗೆ ಒದಗಿಸಬೇಕೆಂದು ಕೋರುತ್ತೇನೆ.