ಕೆಜಿಎಫ್ ರೌಡಿಗಳ ಊರಾ? ಹಾಗಾದ್ರೆ ಈ ಲೆಕ್ಕಾನೂ ನೋಡಿ

ಮೊನ್ನೆ ಬೆಂಗಳೂರಲ್ಲಿ ಬಾಡಿಗೆ ಮನೆ ನೋಡೋಕೆ ಹೋಗಿದ್ದೆ. ಅಡ್ವಾನ್ಸ್ ಮಾತೂ ಮುಗಿದಿತ್ತು. ಕೊನೆಗೆ ಓನರ್ ಕೇಳಿದ್ರು, "ಯಾವೂರು?" ಕೆಜಿಎಫ್ ಅಂದೆ. "ಓ, ರೌಡಿಗಳ ಊರು" ಅಂತ ನಕ್ಕರು. ಊರಲ್ಲಿ ಯಾವ ಏರಿಯಾ ಅಂದ್ರು. ಮಾರಿಕುಪ್ಪಂ ಲೈನ್ ಅಂದೆ. ನಗು ನಿಂತೋಯ್ತು. ಸಂಜೆ ಫೋನ್ ಬಂತು, ಮನೆ ಬೇರೆಯವರಿಗೆ ಕೊಟ್ಟಾಯ್ತು ಅಂತ.

ನನ್ನೂರಲ್ಲಿ ಕ್ರೈಮ್ ಇಲ್ಲ ಅಂತ ನಾನು ಹೇಳಲ್ಲ. ಕುಡಿತ ಇದೆ, ಕಳ್ಳತನ ಇದೆ, ಹೊಡೆದಾಟ ಇದೆ. ರಾತ್ರಿ ಲೈಟಿಲ್ಲದ ಬೀದಿಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಭಯವೂ ಇದೆ. ಆದರೆ ಈ ಊರಲ್ಲಿ ಅಪರಾಧವನ್ನು ಎಣಿಸೋಕೆ ಶುರು ಮಾಡಿದವರು ಯಾರು, ಏನನ್ನು ಎಣಿಸಿದರು, ಏನನ್ನು ಬಿಟ್ಟರು? ಅದನ್ನು ಕೇಳದೆ ಕ್ರೈಮ್ ರೇಟ್ ಬಗ್ಗೆ ಮಾತಾಡೋದು ಅರ್ಧ ಚರಿತ್ರೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಬ್ರಿಟಿಷ್ ಕಂಪನಿ ಇಲ್ಲಿ ಕಾಲಿಟ್ಟಿತು. ನೆಲದೊಳಗೆ ಇಳಿಯೋಕೆ ಜನ ಬೇಕಿತ್ತು. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯಿಂದ ಬಂದವರಲ್ಲಿ ಹೆಚ್ಚಿನವರು ನಮ್ಮವರೇ, ಊರಿನ ಜಮೀನ್ದಾರರ ಜೀತ ಬಿಟ್ಟು ಓಡಿ ಬಂದ ಹೊಲೆಮಾದಿಗರು. ಗುಡ್ಡದ ಮೇಲೆ ದೊರೆಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲೇ ಇಲ್ಲಿಗೆ ಬಂತು, ಮೆಷಿನ್ ಓಡಿಸೋಕೆ. ಕೂಲಿಗಳಿಗೆ ಮಾತ್ರ ತಟ್ಟಿ ಗುಡಿಸಲಿನ ಸಾಲುಗಳು. ಆ ಸಾಲುಗಳೇ ಲೈನ್‌ಗಳು.

ಕಂಪನಿಗೆ ಒಂದೇ ಭಯ: ಚಿನ್ನ ಕಳುವಾಗುತ್ತೆ. ಅದಕ್ಕೆ ಕಾವಲು, ಗೇಟು, ಶಾಫ್ಟಿನಿಂದ ಮೇಲೆ ಬಂದವರ ಮೈ ತಪಾಸಣೆ. ಮೈಸೂರು ಸರ್ಕಾರವೂ ಗಣಿಗೋಸ್ಕರವೇ ಪ್ರತ್ಯೇಕ ಕಾನೂನು ಮಾಡಿತು. ಪೊಲೀಸ್ ಪುಸ್ತಕದಲ್ಲಿ ಬರೆದದ್ದು ಯಾರ ಹೆಸರು ಅಂತ ಬೇರೆ ಹೇಳಬೇಕಾ? ಬಂಗಲೆಯವರ ಹೆಸರಂತೂ ಅಲ್ಲ. ಇವತ್ತಿಗೂ ಒಂದೇ ಕೋಲಾರ ಜಿಲ್ಲೆಗೆ ಇಬ್ಬರು ಎಸ್‌ಪಿ. ಒಬ್ಬರು ಕೋಲಾರಕ್ಕೆ, ಒಬ್ಬರು ಕೆಜಿಎಫ್‌ಗೆ. ಗಣಿ ಮುಚ್ಚಿ ಇಷ್ಟು ವರ್ಷ ಆದ್ರೂ ಆ ವ್ಯವಸ್ಥೆ ಉಳಿದಿದೆ.

1930ರಲ್ಲಿ ಇನ್ನೊಂದು ಹುಕುಂ ಬಂತು. ಪ್ರತಿ ಕೂಲಿಯೂ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸ್ಕೋಬೇಕು. ಆ ಕಾಲದಲ್ಲಿ ಬೆರಳಚ್ಚು ಅಂದ್ರೆ ಕೈದಿಗಳದ್ದು. ಬ್ರಿಟಿಷರು 1871ರ ಕಾನೂನಿನಲ್ಲಿ ಹುಟ್ಟಿನಿಂದಲೇ ಕಳ್ಳರು ಅಂತ ಹಣೆಪಟ್ಟಿ ಹಚ್ಚಿದ ಬುಡಕಟ್ಟುಗಳದ್ದು. ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರ 21 ದಿನ ನಡೀತು. ಅದು ಕೂಲಿ ಹೆಚ್ಚಿಸಿ ಅಂತ ಶುರುವಾದ ಮುಷ್ಕರ ಅಲ್ಲ ಅನ್ನೋದನ್ನ ಗಮನಿಸಿ. ನಾವು ಕಳ್ಳರಲ್ಲ ಅಂತ ಹೇಳೋಕೆ ಅವರು ಮೂರು ವಾರದ ಕೂಲಿ ಕಳಕೊಂಡರು. ಅದಕ್ಕಿಂತ ಎಷ್ಟೋ ಮೊದಲೇ ಅಯೋತಿ ದಾಸರ ಬೌದ್ಧ ಸಂಘ ಈ ಲೈನ್‌ಗಳಲ್ಲಿ ಬೇರು ಬಿಟ್ಟಿತ್ತು. ಸ್ವಾಭಿಮಾನ ಅನ್ನೋದು ನಮಗೆ ಸಿನಿಮಾದವರು ಕಲಿಸಿದ್ದಲ್ಲ.

ಈಗ ಪುಸ್ತಕದಲ್ಲಿ ಬರೆಯದ ಲೆಕ್ಕಕ್ಕೆ ಬರೋಣ.

ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಬಂಡೆ ತಾನಾಗೇ ಸಿಡಿಯುತ್ತೆ. ರಾಕ್‌ಬರ್ಸ್ಟ್ ಆದಾಗ ಮೇಲೆ ಲೈನ್‌ಗಳಲ್ಲಿ ಪಾತ್ರೆ ಅಲುಗಾಡ್ತಿತ್ತು, ಹೆಂಗಸರು ಶಾಫ್ಟಿನ ಕಡೆ ಓಡ್ತಿದ್ರು ಅಂತ ನಮ್ಮಜ್ಜಿ ಹೇಳೋಳು. ಬದುಕಿ ಬಂದವರ ಶ್ವಾಸಕೋಶಕ್ಕೆ ಕಲ್ಲಿನ ದೂಳು. 1940ರ ದಶಕದಲ್ಲಿ ಇಲ್ಲಿ 7,500ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು. ನಮ್ಮ ತಾತನೂ ಕೆಮ್ಮಿ ಕೆಮ್ಮಿಯೇ ಸತ್ತಿದ್ದು. ಕಲ್ಲಿನ ಚೂರು ಜೇಬಲ್ಲಿಟ್ಟುಕೊಂಡವನಿಗೆ ಜೈಲು. ಅದೇ ಕಲ್ಲಿನ ದೂಳನ್ನ ಸಾವಿರಾರು ಜನರ ಎದೆಗೆ ತುಂಬಿದವರ ಮೇಲೆ ಯಾವ ಸ್ಟೇಷನ್ನಿನಲ್ಲಿ ಎಫ್ಐಆರ್ ಆಯ್ತು?

ಸ್ವಾತಂತ್ರ್ಯ ಬಂತು. 1956ರಲ್ಲಿ ಗಣಿ ಸರ್ಕಾರದ್ದಾಯ್ತು. ಲೈನ್‌ಗಳ ಒಣ ಕಕ್ಕಸುಗಳು ಹಾಗೇ ಉಳಿದವು. ನಮ್ಮವರಲ್ಲೇ ಕೆಲವರು ಬಕೆಟ್ಟಿನಲ್ಲಿ ಮಲ ಹೊತ್ತರು. ಅಂಥ ಮನೆಯಲ್ಲಿ ಇಲ್ಲೇ ಹುಟ್ಟಿದವರು ಬೆಜವಾಡ ವಿಲ್ಸನ್. ಅವರ ಹೋರಾಟ ಶುರುವಾಗಿದ್ದೂ ಇಲ್ಲಿಂದಲೇ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ದೇಶ ಚಪ್ಪಾಳೆ ಹೊಡೀತು. 1993ರ ಕಾನೂನಿನ ಪ್ರಕಾರ ಮಲ ಹೊರಿಸೋದು ಅಪರಾಧ. ಹೊರುವವನಲ್ಲ, ಹೊರಿಸುವವನು ಅಪರಾಧಿ. ಕ್ರೈಮ್ ರೇಟ್ ಬಗ್ಗೆ ಮಾತಾಡೋರು ಈ ಅಪರಾಧವನ್ನ ಯಾವತ್ತಾದ್ರೂ ಕೂಡಿಸಿದ್ದಾರಾ?

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದಿದ್ದು ಸೈನೈಡ್ ಗುಡ್ಡ. ಗಾಳಿ ಬೀಸಿದರೆ ಅದರ ದೂಳು ಊಟದ ತಟ್ಟೆಗೆ. ಕೆಲಸ ಇಲ್ಲದ ಊರಿನ ಜನ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಬರ್ತಾರೆ, ನಿಮ್ಮ ಕಟ್ಟಡ ಕಟ್ತಾರೆ, ನಿಮ್ಮ ಅಪಾರ್ಟ್‌ಮೆಂಟ್ ಕಾಯ್ತಾರೆ, ರಾತ್ರಿ ವಾಪಸ್ ಹೋಗ್ತಾರೆ. ನಿಮ್ಮ ಏರಿಯಾದ ಸೇಫ್ಟಿಗೆ ನಿಲ್ಲೋ ವಾಚ್‌ಮನ್ ನಿಮ್ಮ ಏರಿಯಾದಲ್ಲಿ ಬಾಡಿಗೆ ಮನೆ ಕೇಳಿದ್ರೆ ಮಾತ್ರ ಅವನು ರೌಡಿ.

2020ರ ಮೇ ತಿಂಗಳು, ಲಾಕ್‌ಡೌನ್. ಮುಚ್ಚಿದ ಗಣಿಯೊಳಗೆ ಇಳಿದ ಮೂವರು ಉಸಿರುಕಟ್ಟಿ ಸತ್ತರು. ಚಿನ್ನ ಕದಿಯಲು ಹೋಗಿ ಸತ್ತರು ಅಂತ ಸುದ್ದಿ ಬಂತು. ಹಸಿವಿನ ಸುದ್ದಿ ಬರಲಿಲ್ಲ. ನೂರು ವರ್ಷ ಕಳೆದರೂ ಪುಸ್ತಕದ ಭಾಷೆ ಬದಲಾಗಿಲ್ಲ.

ಸೇಫ್ಟಿ ನಮಗೂ ಬೇಕು, ನಿಮಗಿಂತ ಹೆಚ್ಚಾಗಿಯೇ ಬೇಕು. ಲೈನ್‌ಗಳಲ್ಲಿ ದೀಪ ಬೇಕು. ಹುಡುಗರಿಗೆ ಊರಲ್ಲೇ ಕೆಲಸ ಬೇಕು. ಸೈನೈಡ್ ಗುಡ್ಡಕ್ಕೆ ಪರಿಹಾರ ಬೇಕು. ತಲೆಮಾರುಗಳಿಂದ ಬದುಕಿದ ಮನೆಗೆ ಹಕ್ಕುಪತ್ರ ಬೇಕು. ಇವನ್ನು ಕೊಡದೆ ಬರೀ ಪೊಲೀಸ್ ಜೀಪ್ ಕಳಿಸಿದ್ರೆ ಅದು 1930ರ ಬೆರಳಚ್ಚಿನ ಮುಂದುವರಿಕೆ ಅಷ್ಟೇ.

ಇನ್ನೊಮ್ಮೆ ಯಾರಾದ್ರೂ ಯಾವೂರು ಅಂತ ಕೇಳಿದ್ರೆ ಏರಿಯಾ ಹೆಸರನ್ನೂ ಸೇರಿಸಿಯೇ ಹೇಳ್ತೀನಿ. ಕೆಜಿಎಫ್, ಮಾರಿಕುಪ್ಪಂ ಲೈನ್. ಕೈದಿಗಳ ಥರ ಬೆರಳು ಒತ್ತಲ್ಲ ಅಂದವರ ಊರು.

ಜೈ ಭೀಮ್.