ಹಳೆಯ ಫೈಲ್‌ಗಳು ತಾವಾಗಿಯೇ ಡಿಲೀಟ್ ಆಗಬೇಕೇ? ಯುನಿಕ್ಸ್‌ನ ‘ಫೈಂಡ್’ ಕಮಾಂಡ್ ಬಳಸುವ ಮುನ್ನ ಇದನ್ನು ಓದಿ

ಸರ್ವರ್‌ನ ಡಿಸ್ಕ್ ತುಂಬಿತೆಂದರೆ ವೆಬ್‌ಸೈಟ್‌ನಿಂದ ಡೇಟಾಬೇಸ್‌ವರೆಗೆ ಎಲ್ಲವೂ ಕೈಕೊಡಬಹುದು. ಹಲವು ಬಾರಿ ಇದಕ್ಕೆ ಕಾರಣ, ದಿನವೂ ರಾಶಿ ಬೀಳುವ ಲಾಗ್ ಮತ್ತು ಬ್ಯಾಕಪ್ ಫೈಲ್‌ಗಳು. ಲಿನಕ್ಸ್, ಮ್ಯಾಕ್‌ನಂಥ ಯುನಿಕ್ಸ್ ಮಾದರಿಯ ಕಂಪ್ಯೂಟರ್‌ಗಳಲ್ಲಿ ಇವನ್ನು ತೆಗೆಯಲು ಒಂದು ಸಾಲಿನ ಕಮಾಂಡ್ ಸಾಕು. ಆದರೆ ಆ ಕೆಲಸದಲ್ಲಿ ಸ್ವಲ್ಪ ಎಡವಟ್ಟಾದರೂ ನಷ್ಟ ದೊಡ್ಡದು.

ಕ್ಯೋಟೊದಲ್ಲಿ ಆಗಿದ್ದೇನು?

2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್‌ನಿಂದ ಸುಮಾರು 77 ಟೆರಾಬೈಟ್ ಡೇಟಾ, ಅಂದರೆ ಸುಮಾರು 3.4 ಕೋಟಿ ಫೈಲ್‌ಗಳು ಅಳಿಸಿಹೋದವು. 14 ಸಂಶೋಧನಾ ತಂಡಗಳಿಗೆ ಇದರ ಬಿಸಿ ತಟ್ಟಿತು. 4 ತಂಡಗಳ ಡೇಟಾ ಬ್ಯಾಕಪ್‌ನಿಂದಲೂ ಮರಳಿ ಸಿಗಲಿಲ್ಲ.

ಅಳಿಸಬೇಕಿದ್ದದ್ದು 10 ದಿನಕ್ಕಿಂತ ಹಳೆಯ ಲಾಗ್ ಫೈಲ್‌ಗಳನ್ನು ಮಾತ್ರ. ವ್ಯವಸ್ಥೆ ಒದಗಿಸಿದ್ದ ಹ್ಯುಲೆಟ್ ಪ್ಯಾಕರ್ಡ್‌ನ ಜಪಾನ್ ಕಂಪನಿ, ಸ್ಕ್ರಿಪ್ಟ್ ಓಡುತ್ತಿದ್ದಾಗಲೇ ಅದರ ಮೇಲೆ ಹೊಸ ಆವೃತ್ತಿಯನ್ನು ಹಾಕಿತ್ತು. ಬ್ಯಾಷ್ ಶೆಲ್ ಇಡೀ ಸ್ಕ್ರಿಪ್ಟನ್ನು ಮೊದಲೇ ಓದಿಕೊಳ್ಳುವುದಿಲ್ಲ. ಕೆಲಸ ಮಾಡುತ್ತಲೇ ಓದುತ್ತದೆ. ಹಾಗಾಗಿ ಅರ್ಧದಲ್ಲಿ ಹೊಸ ಆವೃತ್ತಿ ಓದಿತು. ಫೋಲ್ಡರ್ ಹೆಸರು ಇರಬೇಕಿದ್ದ ವೇರಿಯಬಲ್ ಖಾಲಿಯಿತ್ತು. ಲಾಗ್‌ಗಳ ಬದಲು ಸಂಶೋಧಕರ ಫೈಲ್‌ಗಳು ಅಳಿದವು. ಕಂಪನಿ ಪೂರ್ಣ ಹೊಣೆ ಹೊತ್ತುಕೊಂಡಿತು.

ಕಮಾಂಡ್ ಹೇಗಿರಬೇಕು?

ಟರ್ಮಿನಲ್‌ನಲ್ಲಿ ಇವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ಕ್ರಮ ಹೀಗಿದೆ:

1. ಮೊದಲು ‘ಫೈಂಡ್’, ನಂತರ ಫೋಲ್ಡರ್‌ನ ಪೂರ್ಣ ವಿಳಾಸ.
2. ‘-ಟೈಪ್ ಎಫ್’: ಫೈಲ್‌ಗಳನ್ನು ಮಾತ್ರ ಹುಡುಕು, ಫೋಲ್ಡರ್ ಬೇಡ ಎಂದರ್ಥ.
3. ‘-ನೇಮ್’: ಯಾವ ಬಗೆಯ ಹೆಸರಿನ ಫೈಲ್ ಎಂಬ ಸೂಚನೆ. ನಕ್ಷತ್ರ ಚಿಹ್ನೆ ಬಳಸಿದರೆ ಉದ್ಧರಣ ಚಿಹ್ನೆಯೊಳಗೆ ಇಡಿ.
4. ‘-ಎಂಟೈಮ್ +30’: ಫೈಲ್ ಕೊನೆಯ ಬಾರಿ ಬದಲಾದ ಸಮಯದ ಲೆಕ್ಕ. ಇದು 24 ಗಂಟೆಗಳ ಪೂರ್ಣ ದಿನಗಳನ್ನಷ್ಟೇ ಎಣಿಸುವುದರಿಂದ, +30 ಎಂದರೆ 31 ದಿನ ತುಂಬಿದ ಫೈಲ್‌ಗಳು ಮಾತ್ರ ಸಿಗುತ್ತವೆ.
5. ಕೊನೆಯಲ್ಲಿ ‘-ಪ್ರಿಂಟ್’. ಇದು ಪಟ್ಟಿ ತೋರಿಸುತ್ತದೆ, ಏನನ್ನೂ ಅಳಿಸುವುದಿಲ್ಲ.

ಪಟ್ಟಿ ಸರಿಯಿದೆ ಎಂದು ಖಚಿತವಾದ ಮೇಲಷ್ಟೇ ‘-ಪ್ರಿಂಟ್’ ಜಾಗದಲ್ಲಿ ‘-ಡಿಲೀಟ್’ ಹಾಕಿ. ಇದು ಯಾವಾಗಲೂ ಸಾಲಿನ ಕೊನೆಯಲ್ಲೇ ಇರಬೇಕು. ಫೈಂಡ್ ಷರತ್ತುಗಳನ್ನು ಎಡದಿಂದ ಬಲಕ್ಕೆ ನೋಡುತ್ತದೆ. ಡಿಲೀಟ್ ಮೊದಲು ಬಂದರೆ ಹಳೆಯದು, ಹೊಸದು ಎನ್ನದೆ ಆ ಫೋಲ್ಡರ್‌ನಲ್ಲಿರುವುದೆಲ್ಲ ಅಳಿಯುತ್ತದೆ. ಹೀಗೆ ಅಳಿಸಿದ್ದು ಟ್ರ್ಯಾಶ್‌ಗೆ ಹೋಗುವುದಿಲ್ಲ.

ದಿನವೂ ತಾನಾಗಿ ನಡೆಯಲು

‘ಕ್ರಾನ್‌ಟ್ಯಾಬ್ -ಇ’ ಎಂದು ಕೊಟ್ಟರೆ ವೇಳಾಪಟ್ಟಿ ತೆರೆಯುತ್ತದೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂದು ಐದು ಜಾಗಗಳಿರುತ್ತವೆ. ‘0 2 * * *’ ಎಂದು ಬರೆದು ಮುಂದೆ ಕಮಾಂಡ್ ಕೊಟ್ಟರೆ ಪ್ರತಿದಿನ ನಸುಕಿನ 2 ಗಂಟೆಗೆ ಕೆಲಸ ನಡೆಯುತ್ತದೆ.

ಇವು ನೆನಪಿರಲಿ

* ಸ್ಕ್ರಿಪ್ಟ್‌ನ ಆರಂಭದಲ್ಲಿ ‘ಸೆಟ್ -ಯು’ ಬರೆಯಿರಿ. ಬೆಲೆ ಕೊಡದ ವೇರಿಯಬಲ್ ಎದುರಾದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.
* ಓಡುತ್ತಿರುವ ಸ್ಕ್ರಿಪ್ಟನ್ನು ತಿದ್ದಬೇಡಿ. ಹೊಸದನ್ನು ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಲ್ಲಿ ಉಳಿಸಿ, ‘ಎಂವಿ’ ಕಮಾಂಡ್‌ನಿಂದ ಹಳೆಯದರ ಜಾಗಕ್ಕೆ ತನ್ನಿ.
* ರೂಟ್ ಬಳಕೆದಾರರಾಗಿ ಓಡಿಸಬೇಡಿ. ಆ ಫೋಲ್ಡರ್‌ಗೆ ಮಾತ್ರ ಅನುಮತಿ ಇರುವ ಖಾತೆ ಸಾಕು.
* ಬ್ಯಾಕಪ್‌ಗಳನ್ನು ಅಳಿಸುವ ಸ್ಕ್ರಿಪ್ಟ್ ಆದರೆ, ಹೊಸ ಬ್ಯಾಕಪ್ ನಿಜಕ್ಕೂ ಆಗುತ್ತಿದೆಯೇ ಎಂದು ನೋಡಿ. ಬ್ಯಾಕಪ್ ನಿಂತುಹೋಗಿ ಡಿಲೀಟ್ ಮಾತ್ರ ಮುಂದುವರಿದರೆ, ತಿಂಗಳಲ್ಲಿ ಒಂದೂ ಉಳಿಯುವುದಿಲ್ಲ.

ಲಿನಕ್ಸ್‌ನಲ್ಲಿ ಲಾಗ್‌ಗಳಿಗಷ್ಟೇ ಈ ವ್ಯವಸ್ಥೆ ಬೇಕಿದ್ದರೆ ‘ಲಾಗ್‌ರೊಟೇಟ್’ ಸಾಕು. ಎಷ್ಟು ಹಳೆಯ ಲಾಗ್‌ಗಳನ್ನು ಉಳಿಸಬೇಕು ಎಂದು ಹೇಳಿಟ್ಟರೆ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.